ಏಳು ಸಂದಿನ ಗೋಡೆ

ನನ್ನದು ಮೊದಲಿನಿಂದಲೂ ಆತುರದ ಸ್ವಭಾವ. ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಬಂದು ನಿಲ್ಲುವವಳು ಎಂದು ನನ್ನ ಗಂಡ ಕಾಲೇಜಿನ ದಿನಗಳಿಂದಲೂ ಹಂಗಿಸುತ್ತಾನೆ. ಮೈಸೂರಿನಲ್ಲಿ ನಾವಿಬ್ಬರೂ ಒಂದೇ ಕ್ಲಾಸಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದವರು. ಅವನು ಜಾಣ, ಬೇಗ ಕಂಪ್ಯೂಟರ್ ಕಡೆ ಹಾರಿಕೊಂಡ. ನಾನು ಒಂಬತ್ತು ವರ್ಷ ಕೆರೆ ಏರಿಗಳ ಮೇಲೆ ಬಿಸಿಲಲ್ಲಿ ಬೆಂದೆ.

ಆ ಒಂಬತ್ತು ವರ್ಷಕ್ಕೆ ಸಿಡ್ನಿಯಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ಪಿಆರ್, ಅಂದರೆ ಖಾಯಂ ವಾಸದ ಪರವಾನಗಿ ಸಿಕ್ಕಿತ್ತು, ಬ್ಲ್ಯಾಕ್‌ಟೌನಿನಲ್ಲಿ ಬಾಡಿಗೆ ಮನೆ ಸಿಕ್ಕಿತ್ತು, ಅವನಿಗೆ ಕೆಲಸವೂ ಸಿಕ್ಕಿತ್ತು. ನನಗೆ ಮಾತ್ರ ಹದಿನಾಲ್ಕು ತಿಂಗಳು ಒಂದೇ ಉತ್ತರ: ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲ. ಹುಚ್ಚು ಬಿಡುವವರೆಗೆ ಮದುವೆಯಾಗುವುದಿಲ್ಲ, ಮದುವೆಯಾಗುವವರೆಗೆ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯ ಅರ್ಥ ನನಗೆ ಪೂರ್ತಿಯಾಗಿ ತಿಳಿದದ್ದು ಆಗಲೇ. ಒಂದು ದಿನಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನಿಂತು ಬೇಳೆ ಪ್ಯಾಕ್ ಮಾಡುತ್ತಿದ್ದೆ. ಆ ಕೆಲಸದಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಆದರೂ ನಾಚಿಕೆಯಾಗುತ್ತಿತ್ತು.

ಕೊನೆಗೆ ಮೆಲ್ಬರ್ನಿನ ಪಶ್ಚಿಮದ ಒಂದು ಕೌನ್ಸಿಲ್, ಅಂದರೆ ನಮ್ಮ ನಗರಸಭೆಯಂಥದ್ದು, ಆರು ತಿಂಗಳ ಕಾಂಟ್ರಾಕ್ಟ್ ಕೊಟ್ಟಿತು. ಅಲ್ಲೇ ಹತ್ತಿರದ ವೆರಿಬೀಯಲ್ಲಿ ಒಂದು ರೂಮು ಹಿಡಿದೆ. ಗಂಡ ಸಿಡ್ನಿಯಲ್ಲೇ ಉಳಿದ. ಕಾಂಟ್ರಾಕ್ಟ್ ಮುಂದುವರಿದರೆ ಅವನು ಇಲ್ಲಿಗೆ ಬರುವುದು, ಇಲ್ಲದಿದ್ದರೆ ನಾನು ವಾಪಸ್ ಬೇಳೆ ಚೀಲಗಳ ಹತ್ತಿರ ಹೋಗುವುದು ಎಂದು ಮಾತಾಗಿತ್ತು. ಎಲ್ಲವೂ ನನ್ನ ಮ್ಯಾನೇಜರ್ ಹಾಕುವ ಒಂದು ಸಹಿಯ ಮೇಲೆ ನಿಂತಿತ್ತು.

ನನಗೆ ಬಂದ ಮೊದಲ ದೊಡ್ಡ ಕೆಲಸ ಒಂದು ಕಲ್ಲಿನ ಗೋಡೆ. ಹಳ್ಳದ ದಂಡೆಯಲ್ಲಿ ಮೇಲಿನ ಪಾರ್ಕಿನ ಮಣ್ಣನ್ನು ತಡೆದು ನಿಂತ, ನೀಲಿಗಪ್ಪು ಕಲ್ಲಿನ ಉದ್ದನೆಯ ತಡೆಗೋಡೆ. ಅದರಿಂದ ಒಂದು ಕಲ್ಲು ಕಳಚಿ ಕೆಳಗಿನ ಕಾಲುದಾರಿಗೆ ಬಿದ್ದಿತ್ತು. ಅದನ್ನು ಉಳಿಸಬೇಕೋ ಕೆಡವಬೇಕೋ ಎಂದು ನಾನು ಹೇಳಬೇಕಿತ್ತು.

ಗೋಡೆಯನ್ನು ನೋಡಿದ ಕೂಡಲೇ ನನಗೆ ನಗು ಬಂತು. ಮೇಲಿನಿಂದ ಕೆಳಗಿನವರೆಗೆ ದಾರ ಹಿಡಿದಂತೆ ನೆಟ್ಟಗಿನ ಏಳು ಸಂದುಗಳು. ಕಲ್ಲಿನ ಕೆಲಸದಲ್ಲಿ ಕೆಳಗಿನ ಸಂದಿನ ಮೇಲೆ ಮೇಲಿನ ಕಲ್ಲು ಕೂರಬೇಕು, ಒಂದಕ್ಕೊಂದು ಕಚ್ಚಿಕೊಳ್ಳಬೇಕು. ಇಲ್ಲಿ ಏಳು ಕಡೆ ಆ ಹಿಡಿತವೇ ಇಲ್ಲ. ಒಂದು ತುಂಡಿನಲ್ಲಿ ಸಣ್ಣ ಕಲ್ಲು, ಪಕ್ಕದ್ದರಲ್ಲಿ ದಪ್ಪ ಕಲ್ಲು, ಅದರ ಪಕ್ಕದ್ದರಲ್ಲಿ ಕಲ್ಲಿಗಿಂತ ಗಾರೆಯೇ ಹೆಚ್ಚು. ನಮ್ಮ ಕಡೆ ಕೆರೆ ಏರಿಯ ಕಲ್ಲುಕಟ್ಟಡದಲ್ಲಿ ಇಂಥ ಸಂದು ಕಂಡರೆ ಅರ್ಥ ಒಂದೇ: ಇಲ್ಲಿ ಏರಿ ಒಡೆದಿತ್ತು, ಆಮೇಲೆ ತೇಪೆ ಹಾಕಿದರು. ಒಂಬತ್ತು ವರ್ಷ ನಾನು ಓದಿದ ಭಾಷೆ ಅದು. ಈ ಗೋಡೆ ಮತ್ತೆ ಮತ್ತೆ ಕುಸಿದು ತೇಪೆ ಹಾಕಿಸಿಕೊಂಡಿದೆ, ಕೆಡವಿ ಕಾಂಕ್ರೀಟ್ ಹಾಕಿ ಎಂದು ಬರೆದುಕೊಟ್ಟೆ.

ಮ್ಯಾನೇಜರಿಗೆ ಖುಷಿಯಾಯಿತು. ಗಟ್ಟಿಯಾಗಿ ಒಂದು ಮಾತು ಹೇಳುವವರು ನಮಗೆ ಬೇಕಿತ್ತು ಎಂದರು. ಅಂದು ಸಂಜೆ ಗಂಡನಿಗೆ ಫೋನ್ ಮಾಡಿ, ಮೆಲ್ಬರ್ನಿನ ಚಳಿಗೆ ಸ್ವೆಟರ್ ತಗೊಂಡುಬಿಡು ಎಂದೆ.

ಐದನೇ ತಿಂಗಳಲ್ಲಿ ಕೆಡವುವ ಕೆಲಸಕ್ಕೆ ಅಳತೆ ತೆಗೆಯಲು ಮತ್ತೆ ಹೋದೆ. ಎದುರಿನ ಬೆಂಚಿನಲ್ಲಿ ಒಬ್ಬರು ಮುದುಕಿ ಕೂತಿದ್ದರು. ತೊಂಬತ್ತು ದಾಟಿದ ಜೀವ, ಆದರೆ ಕಣ್ಣು ಚುರುಕು. ಅವರು ಆಡಿದ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಕೆಡವೋದು ನೀವೇನಾ?"

"ಹೌದು," ಎಂದೆ. "ತುಂಬಾ ಸಲ ಬಿದ್ದಿದೆ ಇದು."

"ಯಾವಾಗ ಬಿತ್ತು? ನಾನು ಹುಟ್ಟಿದಾಗಿನಿಂದ ಇದೇ ಬೀದೀಲಿದ್ದೀನಿ. ಒಂದು ಸಲನೂ ಬಿದ್ದಿಲ್ಲ."

ನಾನು ಟೇಪು ಹಿಡಿದುಕೊಂಡೇ ನಿಂತೆ. ಅವರು ಕೋಲಿನಿಂದ ಬೆಂಚು ತಟ್ಟಿ ಕೂರಲು ಹೇಳಿದರು.

ತೊಂಬತ್ತು ವರ್ಷಕ್ಕೂ ಹಿಂದೆ, ಜಗತ್ತಿಗೇ ಕೆಲಸವಿಲ್ಲದ ಕಾಲ. ಅವರ ಅಪ್ಪ ಬೂಟಿನ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುತ್ತಿದ್ದವರು. ಕಾರ್ಖಾನೆಗೆ ಬೀಗ ಬಿತ್ತು. ಆಗ ಸರ್ಕಾರ ಇಂಥ ಗೋಡೆ, ಚರಂಡಿ, ರಸ್ತೆಗಳ ಕಾಮಗಾರಿ ತೆಗೆದು ನಿರುದ್ಯೋಗಿಗಳನ್ನು ಹಚ್ಚಿತು. ಕೆಲಸ ಕಡಿಮೆ, ಕೈ ಹೆಚ್ಚು, ಆದ್ದರಿಂದ ಪಾಳಿ. ಒಂದು ಗುಂಪು ಕೆಲವು ದಿನ ಕಟ್ಟಿ ಮನೆಗೆ ಹೋಗಬೇಕು, ಮುಂದಿನ ಗುಂಪು ಬರಬೇಕು. ಎಷ್ಟು ಮಕ್ಕಳಿದ್ದಾರೋ ಅದಕ್ಕೆ ತಕ್ಕಂತೆ ದಿನಗಳು. ಗುಂಪಿನಲ್ಲಿ ಗುಮಾಸ್ತ, ಕ್ಷೌರಿಕ, ಬೂಟಿನವನು ಎಲ್ಲರೂ. ಕಲ್ಲಿನ ಕೆಲಸ ಬಲ್ಲವನು ಮೇಸ್ತ್ರಿ ಒಬ್ಬನೇ. ಅವನು ಒಂದೊಂದು ಗುಂಪಿನ ಕೆಲಸವನ್ನೂ ಬೇರೆಬೇರೆಯಾಗಿ ಅಳೆಯುತ್ತಿದ್ದುದರಿಂದ ಪ್ರತಿ ಗುಂಪೂ ತನ್ನ ತುಂಡನ್ನು ನೆಟ್ಟಗೆ ಕತ್ತರಿಸಿದಂತೆ ಮುಗಿಸುತ್ತಿತ್ತು.

"ಮೂರನೇ ತುಂಡು ಅಪ್ಪಂದು," ಎಂದರು. ಕಲ್ಲು ಕಳಚಿದ್ದು ಅಲ್ಲಿಂದಲೇ. "ಅಮ್ಮ ಈ ದಾರೀಲಿ ನಡೆಯೋಕೇ ನಾಚಿಕೆ ಪಡ್ತಿದ್ಲು, ಅಷ್ಟು ಕೆಟ್ಟದಾಗಿ ಕಟ್ಟಿದ್ದ. ಈಗ ಆರನೇದು ನೋಡಿ."

ನೋಡಿದೆ. ಏಳು ಸಂದುಗಳಿಂದಾದ ಎಂಟು ತುಂಡುಗಳಲ್ಲಿ ಅದೇ ಅತ್ಯುತ್ತಮ, ಕಲ್ಲಿಗೆ ಕಲ್ಲು ಕಚ್ಚಿ ಕೂತಿತ್ತು.

"ಅದೂ ಅಪ್ಪಂದೇ. ನಡುವೆ ನಾನು ಹುಟ್ಟಿದೆ. ಮಗು ಬಂತು ಅಂತ ಇನ್ನಷ್ಟು ದಿನ ಕೆಲಸ ಕೊಟ್ರು. ಅಷ್ಟರಲ್ಲಿ ಕಲಿತಿದ್ದ."

ನನಗೆ ನನ್ನ ಅಜ್ಜಿಯ ನೆನಪಾಯಿತು. ಬರಗಾಲದಲ್ಲಿ ‘ಕೂಲಿಗಾಗಿ ಕಾಳು’ ಯೋಜನೆಯಲ್ಲಿ ಊರ ರಸ್ತೆಗೆ ಮಣ್ಣು ಹೊತ್ತವಳು ಅವಳು. ಬಸ್ಸು ಆ ರಸ್ತೆಗೆ ಬಂದಾಗಲೆಲ್ಲ, "ಇದ್ರಾಗೆ ನನ್ನ ಬುಟ್ಟಿನೂ ಅದೆ ಕಣವ್ವ" ಎಂದು ಬಸ್ಸಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ನಾನು ಕಿಟಕಿಯಾಚೆ ನೋಡುತ್ತಿದ್ದೆ. ಓದಿದವಳಲ್ಲವೇ.

ಆದರೂ ಮುದುಕಿಯ ಮಾತು ನಂಬಿ ವರದಿ ಬದಲಿಸಲಾಗುವುದಿಲ್ಲ. ಮರುದಿನ ಇಬ್ಬರು ಕೆಲಸಗಾರರನ್ನು ಕರೆದುಕೊಂಡು ಹೋಗಿ ಎರಡು ಸಂದುಗಳ ಬುಡ ಅಗೆಸಿದೆ. ಮೇಲೆ ನೆಟ್ಟಗಿದ್ದ ಸಂದು ತಳಪಾಯಕ್ಕೆ ಬರುವಷ್ಟರಲ್ಲಿ ಮಾಯ. ಅಡಿಯಲ್ಲಿ ಅಗಲವಾದ ಕಲ್ಲುಗಳು ಒಂದನ್ನೊಂದು ಕಚ್ಚಿಕೊಂಡು ಒಂದೇ ಸಾಲಾಗಿ ಹಾದುಹೋಗಿದ್ದವು. ತಳಪಾಯವನ್ನು ಮೊದಲೇ ಒಟ್ಟಿಗೆ ಹಾಕಿ, ಆಮೇಲೆ ಅದರ ಮೇಲೆ ತುಂಡುತುಂಡಾಗಿ ಕಟ್ಟಿದ್ದರು; ಗೋಡೆ ಬಿದ್ದಿದ್ದರೆ ಆ ಸಾಲು ಹಾಗೆ ಉಳಿಯುತ್ತಿರಲಿಲ್ಲ. ಮೊದಲ ಸಲವೇ ಅಗೆಸಬೇಕಿತ್ತು. ಕಣ್ಣಿಗೆ ಕಂಡದ್ದೇ ಸಾಕೆಂದು ಇಳಿದುಬಿಟ್ಟಿದ್ದೆ, ಬಸ್ಸು ನಿಲ್ಲುವ ಮೊದಲೇ.

ಸಂಜೆ ಗಂಡನಿಗೆ ಎಲ್ಲ ಹೇಳಿದೆ.

"ಕಾಂಟ್ರಾಕ್ಟ್ ಸೈನ್ ಆಗೋಕೆ ಎಷ್ಟ್ ದಿನ ಇದೆ?" ಎಂದ.

"ಮೂರು ವಾರ."

"ಅಲ್ಲೀವರೆಗೂ ಸುಮ್ನಿದ್ದು ಆಮೇಲೆ ಹೇಳಿದ್ರೆ?"

"ಅಷ್ಟರಲ್ಲಿ ಕೆಡವೋಕೆ ಶುರು ಮಾಡಿರ್ತಾರೆ ಕಣೋ."

"ಹಂಗಾದ್ರೆ ನನ್ನನ್ನ ಯಾಕೆ ಕೇಳ್ತಿದೀಯ? ನೀನು ಆಗ್ಲೇ ಡಿಸೈಡ್ ಮಾಡಿದೀಯ. ಹೋಗಿ ಹೇಳ್ಬಿಡು."

"ಕೆಲಸ ಹೋದ್ರೆ?"

"ಬೇಳೆ ಪ್ಯಾಕ್ ಮಾಡೋದ್ರಲ್ಲಿ ನಿಂಗೆ ಲೋಕಲ್ ಎಕ್ಸ್‌ಪೀರಿಯನ್ಸ್ ಇದೆಯಲ್ಲ," ಎಂದ. ನಕ್ಕೆ. ಫೋನಿಟ್ಟ ಮೇಲೆ ಅಳುವೂ ಬಂತು. ಹದಿನಾಲ್ಕು ತಿಂಗಳು ಕಾದು ಸಿಕ್ಕಿದ್ದನ್ನು ನನ್ನ ಕೈಯಾರೆ ಕಳೆದುಕೊಳ್ಳುವ ಭಯ ಸಣ್ಣದಲ್ಲ.

ಮ್ಯಾನೇಜರ್ ನನ್ನ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಅವರ ಮುಖದಲ್ಲಿ ಮೊದಲಿನ ಖುಷಿ ಇರಲಿಲ್ಲ. ಕಾಂಕ್ರೀಟ್ ಗೋಡೆಗೆ ಟೆಂಡರ್ ಕರೆಯುವವರೆಗೆ ಕೆಲಸ ಹೋಗಿತ್ತು, ಈಗ ಅದನ್ನೆಲ್ಲ ವಾಪಸ್ ತೆಗೆದುಕೊಳ್ಳಬೇಕು. "ನಿಮ್ಮ ಕಾಂಟ್ರಾಕ್ಟ್ ನನ್ನ ಮೇಜಿನ ಮೇಲೇ ಇದೆ, ಗೊತ್ತಲ್ಲ?" ಎಂದರು. ಗೊತ್ತು ಎಂದೆ. ತಪ್ಪಾಗಿದೆ ಎಂದು ಬರವಣಿಗೆಯಲ್ಲಿ ಕೊಡಿ ಎಂದರು. ಬರೆದು ತಂದಿದ್ದೆ, ಕೊಟ್ಟೆ.

ಎರಡು ವಾರ ಅವರು ನನ್ನೊಡನೆ ಹವಾಮಾನ ಬಿಟ್ಟು ಬೇರೇನೂ ಮಾತಾಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಕರೆದು ಒಂದು ಹಾಳೆ ಕೈಗಿತ್ತರು. ಒಂದು ವರ್ಷವಾದರೂ ಸಿಗಬಹುದೆಂದು ಆಸೆ ಇಟ್ಟುಕೊಂಡಿದ್ದೆ. ಸಿಕ್ಕಿದ್ದು ಮೂರು ತಿಂಗಳು, ಮೂರನೇ ತುಂಡನ್ನು ಬಿಚ್ಚಿ ಕಟ್ಟಿಸುವುದಕ್ಕೆ ಎಷ್ಟು ಬೇಕೋ ಅಷ್ಟು. "ತಪ್ಪು ನಿಮ್ಮದು, ಸರಿ ಮಾಡೋದೂ ನೀವೇ. ಆಮೇಲೆ ನೋಡೋಣ," ಎಂದರು. ಬೇಸರವೂ ಆಯಿತು, ಎದೆ ಹಗುರವೂ ಆಯಿತು.

ಬಿಚ್ಚಿ ನೋಡಿದರೆ ಮುದುಕಿಯ ಅಮ್ಮ ನಾಚಿಕೊಂಡದ್ದು ಸುಮ್ಮನಲ್ಲ. ಗೋಡೆಯ ಒಳಗಿನವರೆಗೆ ಹೋಗುವ ಉದ್ದ ಕಲ್ಲು ಒಂದೂ ಇರಲಿಲ್ಲ. ಅದೇ ಕಲ್ಲುಗಳನ್ನು ತೊಳೆದು, ನಡುನಡುವೆ ಉದ್ದ ಕಲ್ಲು ಸೇರಿಸಿ ಮತ್ತೆ ಕಟ್ಟಿಸಿದೆ. ಕಲ್ಲಿನ ಮೇಸ್ತ್ರಿ ಒಂದು ದಿನ ನನ್ನ ಕೈಗೇ ಸುತ್ತಿಗೆ ಕೊಟ್ಟು, ಬಾಯಲ್ಲಿ ಹೇಳುವುದು ಸಾಕು, ನಾಲ್ಕು ಕಲ್ಲು ಇಡಿ ಎಂದ. ನಾಲ್ಕು ಇಡುವಷ್ಟರಲ್ಲಿ ಅರ್ಧ ದಿನ ಹೋಯಿತು. ಬೆಂಚಿನಿಂದ ಮುದುಕಿ ನೋಡುತ್ತಿದ್ದರು. "ನಮ್ಮಪ್ಪನಷ್ಟೇ ಚೆನ್ನಾಗಿದೆ," ಎಂದರು. ಯಾವ ತುಂಡಿನ ಅಪ್ಪ ಎಂದು ನಾನು ಕೇಳಲಿಲ್ಲ.

ಕೆಲಸ ಮುಗಿದು ಕಾಲುದಾರಿ ಮತ್ತೆ ತೆರೆದ ವಾರ ಗಂಡ ಸಿಡ್ನಿಯಿಂದ ಬಂದ, ಹೊಸ ಸ್ವೆಟರ್ ಹಾಕಿಕೊಂಡು. ಗೋಡೆಯ ಉದ್ದಕ್ಕೂ ಮೂರನೇ ತುಂಡಿನವರೆಗೆ ಕರೆದುಕೊಂಡು ಹೋದೆ.

"ಇದ್ರಲ್ಲಿ ನಿಂದು ಯಾವ್ದು?"

"ಕೆಳಗಿಂದ ಎರಡನೇ ಸಾಲು. ಸೊಟ್ಟಗಿರೋ ನಾಲ್ಕು," ಎಂದೆ. ಎದುರು ದಾರಿಯಲ್ಲಿ ನಾಯಿ ಹಿಡಿದುಕೊಂಡು ಬರುತ್ತಿದ್ದವರು ತಿರುಗಿ ನೋಡಿದರು. ನನಗೆ ನಾಚಿಕೆಯಾಗಲಿಲ್ಲ.

ಅವನು ಬಗ್ಗಿ ಆ ನಾಲ್ಕನ್ನೂ ಮುಟ್ಟಿ ನೋಡಿದ. ಆಮೇಲೆ, "ಬ್ಲ್ಯಾಕ್‌ಟೌನ್ ಮನೆ ಬಿಡ್ತೀವಿ ಅಂತ ನೋಟಿಸ್ ಕೊಟ್ಟು ಬಂದೆ ಕಣೇ," ಎಂದ.

"ನಿಂಗೇನು ತಲೆ ಕೆಟ್ಟಿದೆಯಾ? ನಂಗೆ ಉಳಿದಿರೋದು ಒಂದೇ ತಿಂಗಳು."

ಅವನು ಆರನೇ ತುಂಡಿನ ಕಡೆ ನೋಡುತ್ತಿದ್ದ. "ಆ ಬೂಟಿನವನಿಗೆ ಒಂದ್ ಸಲಕ್ಕೆ ಅಷ್ಟು ದಿನಾನೂ ಸಿಗ್ತಿರ್ಲಿಲ್ವಲ್ಲ," ಎಂದ.