ಎರಡನೇ ಲೈನಿನ ದಿಕ್ಕು

ವಿದ್ಯುತ್ ಕೇಂದ್ರದಲ್ಲಿ ಎಲ್ಲರೂ ಅವಳನ್ನು ರಿಲೇಯಕ್ಕ ಎಂದೇ ಕರೆಯುತ್ತಿದ್ದರು. ಕರೆಂಟು ಮಿತಿಮೀರಿದಾಗ ಲೈನನ್ನು ಕಡಿದುಹಾಕುವ ರಿಲೇಗಳನ್ನು ಪರೀಕ್ಷಿಸುವುದು ಅವಳ ಕೆಲಸ. ಗಂಡ ಹಡಗಿನ ಎಂಜಿನ್ ಕೋಣೆಯಲ್ಲಿ. ವರ್ಷದ ಮುಕ್ಕಾಲು ಪಾಲು ಮನೆಯಲ್ಲಿ ಅವಳು, ಅತ್ತೆ ಇಬ್ಬರೇ. ಅತ್ತೆಗೆ ಉಬ್ಬಸ, ಬಾಯಿ ಮಾತ್ರ ಗಟ್ಟಿ. "ದಿನವಿಡೀ ಡಬ್ಬ ತಟ್ಟೋಕೂ ಸಂಬಳ ಕೊಡ್ತಾರಲ್ಲೇ" ಎಂದು ಸೊಸೆಯ ಕಾಲೆಳೆಯದಿದ್ದರೆ ಅವರಿಗೆ ಕಾಫಿ ರುಚಿಸುತ್ತಿರಲಿಲ್ಲ.

ಆ ಮಧ್ಯಾಹ್ನ ಬಿರುಗಾಳಿಗೆ ಒಂದನೇ ಲೈನಿನ ಮೇಲೆ ಮರ ಉರುಳಿತು. ಊರಿಗೆ ಜೋಡಿ ಲೈನು. ಒಂದು ಕೆಟ್ಟರೆ ಇನ್ನೊಂದು ಹೊರೆ ಹೊರಬೇಕು. ಅದಕ್ಕೆಂದೇ ಲೈನುಗಳ ಊರಿನ ತುದಿಯಲ್ಲಿ, ಅಂದರೆ ಅವಳ ಕೇಂದ್ರದಲ್ಲಿ, ದಿಕ್ಕು ನೋಡುವ ರಿಲೇಗಳಿದ್ದವು. ಕರೆಂಟು ಊರಿಗೆ ಬರುತ್ತಿದ್ದರೆ ಅವು ಸುಮ್ಮನಿರಬೇಕು, ವಾಪಸ್ ಲೈನಿಗೆ ನುಗ್ಗಿದರೆ ಮಾತ್ರ ಕಡಿಯಬೇಕು. ಆದರೆ ಎರಡೂ ಲೈನು ಒಟ್ಟಿಗೇ ಕಡಿದುಕೊಂಡವು. ಆಪರೇಟರ್ ಎರಡನೆಯದನ್ನು ಮತ್ತೆ ಸೇರಿಸಿದ. ಊರಿನ ಹೊರೆ ಬಿದ್ದದ್ದೇ ತಡ, ಧಡ್ ಎಂದು ಪುನಃ ಕಡಿಯಿತು.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು.

"ಲಿಫ್ಟಲ್ಲಿ ಸಿಕ್ಕಾಕೊಂಡಿದೀನಿ ಕಣೇ. ಕಣ್ಣಿಗೆ ಏನೂ ಕಾಣ್ತಿಲ್ಲ. ಇನ್‌ಹೇಲರ್... ಮನೇಲೇ ಬಿಟ್ಟೆ."

"ಮಾತಾಡಬೇಡಿ ಅತ್ತೆ. ಕೂತ್ಕೊಳ್ಳಿ. ಫೋನ್ ಇಡಬೇಡಿ."

ಕೇಂದ್ರದ ಇನ್ನೊಂದು ಫೋನಿನಿಂದ ತಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರನನ್ನು ಹಿಡಿದಳು. ಲಿಫ್ಟು ಎರಡು ಮಹಡಿಗಳ ನಡುವೆ ನಿಂತಿತ್ತು, ಮೆಕ್ಯಾನಿಕ್ ದಾರಿಯಲ್ಲಿದ್ದ.

"ಮೇಡಂ, ಆ ದಿಕ್ಕಿನ ರಿಲೇ ಕಡಿಯದ ಹಾಗೆ ಬ್ಲಾಕ್ ಮಾಡಿ ಲೈನು ಸೇರಿಸಿಬಿಡ್ಲಾ?" ಎಂದ ಆಪರೇಟರ್. "ಕರೆಂಟು ಕಳಿಸೋ ಆ ತುದೀಲಿ ಮಾಮೂಲಿ ರಿಲೇ ಇದೆ. ಅದಕ್ಕೆ ದಿಕ್ಕಿನ ಗೊಡವೆ ಇಲ್ಲ. ಜಾಸ್ತಿಯಾದ್ರೆ ಅದೇ ಕಡಿಯುತ್ತೆ."

ಅವಳ ಕೈ ಸ್ವಿಚ್ಚಿನವರೆಗೆ ಹೋಗಿ ನಿಂತಿತು. "ಈ ಲೈನಲ್ಲೂ ತಂತಿ ಹರಿದಿದ್ರೆ? ಕೆಳಗೆ ಜನ ಇದ್ರೆ?"

ಫೋನಿನೊಳಗಿಂದ ಅತ್ತೆಯ ಸುಂಯ್‌ಗುಡುವ ಉಸಿರು ಕೇಳುತ್ತಿತ್ತು. ಅವಳು ಆ ತುದಿಯ ಕೇಂದ್ರವನ್ನು ಕೇಳಿದಳು. ಅಲ್ಲಿನ ರಿಲೇ ಮಿಸುಕಿರಲಿಲ್ಲ. ಅತ್ತಲಿಂದ ಲೈನು ಈಗಲೂ ಜೀವಂತವಾಗಿತ್ತು. ಅಂದರೆ ತಂತಿಯಲ್ಲಿ ದೋಷವಿಲ್ಲ. ಇಲ್ಲಿನ ರಿಲೇಯ ದಾಖಲೆ ತೆಗೆದಳು. ಊರಿಗೆ ಬಂದ ಕರೆಂಟನ್ನು ಅದು ಊರಿನಿಂದ ಹೋಗುತ್ತಿದೆ ಎಂದು ಓದಿತ್ತು.

ಹೋದ ವಾರ ಕರೆಂಟು ಅಳೆಯುವ ಟ್ರಾನ್ಸ್‌ಫಾರ್ಮರ್ ಬದಲಾಯಿಸಿದಾಗ ವೈರುಗಳು ಅದಲುಬದಲಾಗಿದ್ದವು. ಅವಳು ರಿಲೇಯೊಂದನ್ನೇ ಪರೀಕ್ಷಿಸಿ, ಹೊರೆ ಬಂದ ಮೇಲೆ ದಿಕ್ಕು ನೋಡದೆ ಸಹಿ ಹಾಕಿದ್ದಳು. ಎರಡೂ ಲೈನು ಹೊರೆ ಹಂಚಿಕೊಂಡಿದ್ದಷ್ಟು ದಿನ ಕರೆಂಟು ಕಡಿಯುವ ಮಿತಿ ಮುಟ್ಟಿರಲಿಲ್ಲ.

ಫೋನಿನಲ್ಲಿ ಉಸಿರಿನ ಸದ್ದು ನಿಂತಿತು.

"ಅತ್ತೆ? ಅತ್ತೇ!"

ಅವಳು ದಿಕ್ಕಿನ ರಿಲೇಯನ್ನು ಬ್ಲಾಕ್ ಮಾಡಿ, "ಸೇರಿಸಿ" ಎಂದಳು. ಮೀಟರಿನ ಮುಳ್ಳು ಸರ್ರನೆ ಏರಿ ನಡುಗಿತು, ಬೀಳಲಿಲ್ಲ.

ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ನಿಂತಳು. ಕೊನೆಗೆ ಕಾವಲುಗಾರನ ದನಿ ಬಂತು: "ಬಾಗಿಲು ತೆರೀತು ಅಕ್ಕಾ. ಬಿದ್ಬಿಟ್ಟಿದ್ರು. ಉಸಿರಾಡ್ತಿದಾರೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀವಿ."

ಅವಳು ಫೋನಿಟ್ಟು ಆಪರೇಟರ್ ಕಡೆ ತಿರುಗಿದಳು. "ತಪ್ಪು ನಂದೇ. ರಿಪೋರ್ಟಲ್ಲಿ ಹಾಗೇ ಬರೀತೀನಿ."

"ವೈರು ಅದಲುಬದಲಾಗಿತ್ತು ಅಂದ್ರೆ ಸಾಕಲ್ವಾ ಮೇಡಂ?"

"ವೈರಿಗೆ ಕೈಕಾಲಿದೆಯಾ, ತಾನಾಗೇ ಬದಲಾಗೋಕೆ?"

ಒಂದನೇ ಲೈನು ದುರಸ್ತಿಯಾದ ಮೇಲೆ ಎರಡನೆಯದನ್ನು ನಿಲ್ಲಿಸಿ ಅವಳೇ ವೈರು ಸರಿಪಡಿಸಿದಳು, ಹೊರೆ ಹಾಕಿಸಿ ದಿಕ್ಕು ನೋಡಿದಳು. ಆ ವರ್ಷ ಅವಳಿಗೆ ಬಡ್ತಿ ಸಿಗಲಿಲ್ಲ.

ಅತ್ತೆ ಆಸ್ಪತ್ರೆಯಿಂದ ಬಂದ ದಿನ ಅವಳು ಅವರಿಗೆ ಒಂದನ್ನೂ ಬಚ್ಚಿಡದೆ ಹೇಳಿದಳು. ಅವರು ಕಾಫಿ ಲೋಟ ಕೆಳಗಿಟ್ಟರು.

"ಇನ್ನೊಂದು ಸಲ ನೋಡೋಕೆ ಏನಾಗಿತ್ತೇ ನಿಂಗೆ?"

ಅತ್ತೆ ಗೋಡೆ ಹಿಡಿದು ನಿಧಾನವಾಗಿ ಎದ್ದರು, ಅಡುಗೆಮನೆಗೆ ಹೋಗಿ ಇಬ್ಬರಿಗೂ ತಟ್ಟೆ ಹಾಕಿದರು.