ಭಟ್ಟ ಹೇಳದೆ ಹೋದ ನಕ್ಷತ್ರ

ಎಲ್ಲವೂ ಮೊದಲಿನಂತೆಯೇ ಇದ್ದ ಆ ಕೊನೆಯ ಭಾನುವಾರ ನಾವು ಮೂವರು ಗೆಳೆಯರು ಮಾರುತಿ ಓಮ್ನಿಯಲ್ಲಿ ಹೊರಟಿದ್ದೆವು. ದಾರಿಯ ದೇವಸ್ಥಾನಗಳನ್ನೆಲ್ಲ ನೋಡಿಕೊಂಡು ಸಂಜೆಗೆ ಸಕಲೇಶಪುರದಾಚೆಯ ಮಂಜರಾಬಾದ್ ಕೋಟೆ ಹತ್ತುವುದು ಎಂದು ಮಾತಾಗಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು.

ಓಮ್ನಿ ಚನ್ನರಾಯಪಟ್ಟಣದ ಗೆಳೆಯನದು. ಅವನು ತೆಂಗಿನಕಾಯಿ ವ್ಯಾಪಾರಿ. ವಾರವೆಲ್ಲ ಅದರಲ್ಲಿ ಕಾಯಿ ಹೇರುತ್ತಿದ್ದ, ಭಾನುವಾರ ಹಿಂದಿನ ಸೀಟು ಹಾಕಿ ನಮ್ಮನ್ನು ಹೇರುತ್ತಿದ್ದ. ಎಷ್ಟು ಗುಡಿಸಿದರೂ ಒಳಗಿನ ನಾರು ಹೋಗುತ್ತಿರಲಿಲ್ಲ. ಪ್ರತಿ ದೇವಸ್ಥಾನದ ಮುಂದೆ ಇಳಿದು, ಒಬ್ಬರ ಬೆನ್ನು ಇನ್ನೊಬ್ಬರು ಕೊಡವಿ, ಆಮೇಲೆ ಒಳಗೆ ಹೋಗಬೇಕಾಗಿತ್ತು.

ಇನ್ನೊಬ್ಬ ಭಟ್ಟ. ಹೊಳೆನರಸೀಪುರದ ದೇವಸ್ಥಾನದ ಬೀದಿಯವನು. ಅವನ ತಂದೆ ಪುರೋಹಿತರು. ಅವರಿಂದ ಪಂಚಾಂಗ ನೋಡುವುದನ್ನು ಚೆನ್ನಾಗಿ ಕಲಿತಿದ್ದರೂ ಅವನು ಸೇರಿದ್ದು ಅಂಚೆ ಕಚೇರಿಗೆ. ನಾನು ಅದೇ ಊರಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡವನು. ಹೈಸ್ಕೂಲಿನಲ್ಲಿ ಮೂವರೂ ಒಂದೇ ಬೆಂಚು.

ಮೊದಲು ನಮ್ಮೂರಿನ ನರಸಿಂಹಸ್ವಾಮಿ. ಅರ್ಚಕರು ತಟ್ಟೆ ತೆಗೆದುಕೊಂಡು ಗೋತ್ರ, ನಕ್ಷತ್ರ ಕೇಳಿದರು. ಭಟ್ಟ ತನ್ನದನ್ನು, ಕಾಯಿ ವ್ಯಾಪಾರಿಯದನ್ನು ಒಂದೇ ಉಸಿರಿಗೆ ಹೇಳಿದ. ನನ್ನ ಕಡೆ ತಿರುಗಿ, "ಇವನದು ರೋಹಿಣಿ" ಎಂದ.

ಹೊರಗೆ ಬಂದ ಮೇಲೆ ಕೇಳಿದೆ. "ಓದ್ಸಲ ಮಖಾ ಅಂದಿದ್ಯಲ್ಲಲಾ?"

"ಹೋದ ಸಲ ನೀನು ಕಾಫಿ ಕೊಡಿಸಿರಲಿಲ್ಲ. ರೋಹಿಣಿ ಕೃಷ್ಣನ ನಕ್ಷತ್ರ ಕಣೋ, ಒಳ್ಳೇದು, ಇಟ್ಕೋ."

ನನಗೆ ನಕ್ಷತ್ರ ಇರಲಿಲ್ಲ. ನಮ್ಮದು ಬೇಸಾಯದ ಮನೆ, ಜಾತಕ ಬರೆಸುವವರು ಯಾರೂ ಇರಲಿಲ್ಲ. ನನ್ನ ಹುಟ್ಟಿದ ದಿನ ಸ್ಕೂಲಿಗೆ ಸೇರಿಸಿದ ಮೇಷ್ಟ್ರು ಅಂದಾಜಿಗೆ ಹಾಕಿದ್ದು. ಹೆಸರೂ ಅವರದೇ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ರಿಜಿಸ್ಟರಿಗೆ ಚೆನ್ನಾಗಿರುವುದಿಲ್ಲ ಎಂದು ಬದಲಾಯಿಸಿದ್ದರು. ಮನೆಯ ಹೆಸರೂ ನಕ್ಷತ್ರ ನೋಡಿ ಇಟ್ಟದ್ದಲ್ಲ, ಹಾಗಾಗಿ ಹೆಸರಿನ ಮೊದಲಕ್ಷರ ಹಿಡಿದು ನಕ್ಷತ್ರ ಹೇಳುವ ದಾರಿಯೂ ಇರಲಿಲ್ಲ. ಕೇಳಿದವರಿಗೆ ನಗು ಬರಬಹುದು, ಆದರೆ ನನಗದು ಒಳಗೊಳಗೇ ಕೊರೆಯುತ್ತಿತ್ತು. ಅರ್ಚನೆ ಮಾಡಿಸುವಾಗಲೆಲ್ಲ ದೇವರಿಗೆ ಬೇರೆ ಯಾರದೋ ವಿಳಾಸ ಕೊಟ್ಟಂತೆ ಅನ್ನಿಸುತ್ತಿತ್ತು. ಭಟ್ಟನಿಗೆ ಇದನ್ನು ಹೇಳಿದಾಗ ಅವನು ಅಂಚೆಯವನಂತೆಯೇ ಸಮಾಧಾನ ಮಾಡಿದ್ದ. "ಪಿನ್ ಕೋಡ್ ತಪ್ಪಿದ್ರೂ ಕಾಗದ ತಲುಪುತ್ತೆ ಕಣೋ. ಸ್ವಲ್ಪ ತಡ, ಅಷ್ಟೆ."

ಆ ದಿನ ಮಾತ್ರ ಯಾಕೋ ಅವನಿಗೂ ಹಟ ಬಂತು. ಅರಕಲಗೂಡು ದಾರಿಯಲ್ಲೇ ನಾನು ಹುಟ್ಟಿದ ಹಳ್ಳಿ. ತಿಂಡಿಗೆ ಅಲ್ಲಿ ನಿಂತೆವು. ಅವ್ವ ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಭಟ್ಟ ಒಲೆಯ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತ.

"ಅಮ್ಮಾ, ಇವನು ಹುಟ್ಟಿದ್ದು ಯಾವತ್ತು?"

"ಅಯ್ಯೋ ಐನೋರೆ, ಇಸ್ವಿಗಿಸ್ವಿ ನಾನೇನ್ ಕಂಡೆ? ಗೌರಿ ಅಬ್ಬುದ್ ದಿವ್ಸ. ಬೆಳಿಗ್ಗೆ ಪೂಜೆ ಮಾಡಿ ಬಾಗಿನ ಕೊಟ್ಟು ಬಂದೆ. ಕಡುಬು ಬೇಯ್ಸಾಕೆ ಇಟ್ಟಿದ್ದೆ, ನೋವು ಬಂದ್ಬುಡ್ತು. ದನ ಮನ್ಗೆ ಬರೋ ವೊತ್ಗೆ ಉಟ್ದ. ಕಡುಬೆಲ್ಲಾ ಸೀದೋಗಿತ್ತು."

"ಅವಾಗಿಂದ ಇವ್ನಿಗೆ ಸೀದಿದ್ದೇ ಇಷ್ಟ ಬುಡವ್ವಾ," ಎಂದ ಕಾಯಿ ವ್ಯಾಪಾರಿ, ನನ್ನ ತಟ್ಟೆಯಿಂದ ರೊಟ್ಟಿ ಎತ್ತಿಕೊಳ್ಳುತ್ತಾ.

ಭಟ್ಟ ನಗಲಿಲ್ಲ. "ಗೌರಿ ಹಬ್ಬ ಅಂದ್ರೆ ಹಸ್ತವೋ ಚಿತ್ತೆಯೋ ಇರಬೇಕು. ಅಮ್ಮಾ, ಚಂದ್ರ ಕಾಣಿಸ್ತಿದ್ದನಾ ಆವಾಗ?"

ಅವ್ವ ರೊಟ್ಟಿ ಮಗುಚುವುದನ್ನು ಬಿಟ್ಟು ಯೋಚಿಸಿದಳು. "ಅದೊಂದು ಗ್ಯಾಪ್ನ ಅದೆ ಕಣಪ್ಪ. ಸೂಲಗಿತ್ತಿ ಬಾಗ್ಲು ಮುಚ್ಸುದ್ಲು. ಚೌತಿ ಬಂದ್ಬುಟ್ಟದೆ, ಚಂದ್ರುನ್ನ ನೋಡ್ಬಾರ್ದು, ಮಗೀಗೂ ತೋರುಸ್ಬಾರ್ದು ಅಂತ ಬೈಯ್ತಿದ್ಲು."

"ಅಂದ್ರೆ ಸಂಜೆಗೆ ತದಿಗೆ ಮುಗಿದು ಚೌತಿ ಹಿಡಿದಿತ್ತು!" ಎಂದು ಭಟ್ಟ ತೊಡೆ ತಟ್ಟಿಕೊಂಡ. ಆಮೇಲೆ ಆ ವರ್ಷ ಮಳೆ ಹೇಗಿತ್ತು, ನನ್ನ ಅಣ್ಣನಿಗೆ ಆಗ ನಡೆಯಲು ಬರುತ್ತಿತ್ತೇ, ಮನೆಗೆ ಹೆಂಚು ಹಾಕಿಸಿದ್ದು ಮುಂಚೆಯೋ ಆಮೇಲೋ ಎಂದು ಒಂದೊಂದೇ ಕೇಳಿದ. "ನಾನೇನ್ ಕೋಲ್ಟಲ್ಲಿ ನಿಂತಿದ್ದೀನಾ?" ಎಂದು ಅವ್ವ ನಕ್ಕಳು. ಕೇಳುತ್ತಾ ಕೇಳುತ್ತಾ ಅವನ ಹೊಟ್ಟೆಗೆ ಎಷ್ಟು ರೊಟ್ಟಿ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಭಟ್ಟ ಕಿಟಕಿಗೆ ಒರಗಿ ಬೆರಳ ಗೆಣ್ಣುಗಳನ್ನು ಎಣಿಸತೊಡಗಿದ. ಮಾತಾಡಿಸಿದರೆ ಕೈ ಅಡ್ಡ ಹಿಡಿಯುತ್ತಿದ್ದ. ಅರಕಲಗೂಡಿನ ದೇವಸ್ಥಾನದಲ್ಲಿ ಅರ್ಚಕರು ನನ್ನ ನಕ್ಷತ್ರ ಕೇಳಿದಾಗ, "ಇವನದು ಬಾಕಿ ಇದೆ, ಲೆಕ್ಕ ನಡೀತಿದೆ" ಎಂದುಬಿಟ್ಟ. ಅರ್ಚಕರು ಕಾಯಿ ಒಡೆದರು. ಅದು ಕೊಳೆತಿತ್ತು.

ನನಗೇನೂ ಅನ್ನಿಸಲಿಲ್ಲ, ಆದರೆ ಕಾಯಿ ವ್ಯಾಪಾರಿಯ ಮುಖ ಇಂಗು ತಿಂದ ಮಂಗನಂತಾಯಿತು. "ನನ್ ಮಾಲಲ್ಲಿ ಇಂಗಾಗಾಕೆ ಸಾಧ್ಯವೇ ಇಲ್ಲ ಕಣ್ಲಾ," ಎನ್ನುತ್ತಾ ಗಾಡಿಗೆ ಹೋಗಿ ಪೂಜೆಗೆಂದು ತಂದಿದ್ದ ಚೀಲದ ಕಾಯಿಗಳನ್ನೆಲ್ಲ ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದ. ಗೊರೂರು ದಾಟುವವರೆಗೂ ಅದೇ ಮಾತು.

ಹಾಸನದಲ್ಲಿ ಹಾಸನಾಂಬೆಯ ಬಾಗಿಲು ಮುಚ್ಚಿತ್ತು. ವರ್ಷಕ್ಕೊಮ್ಮೆ ದೀಪಾವಳಿಯ ಹೊತ್ತಿಗೆ ಮಾತ್ರ ತೆಗೆಯುವುದು ಎಂದು ಮೂವರಿಗೂ ಗೊತ್ತು. ಆದರೂ ಭಟ್ಟ ಇಳಿದು, ಮುಚ್ಚಿದ ಬಾಗಿಲಿಗೆ ಕೈಮುಗಿದು ಬಂದ. "ಬಂದಿದ್ದೆ ಅಂತ ಹೇಳಿ ಹೋಗೋದು ಮರ್ಯಾದೆ ಕಣ್ರೋ."

ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯಲ್ಲಿ ನಾವಲ್ಲದೆ ಯಾರೂ ಇರಲಿಲ್ಲ. ಕಾಳಿಯ ಗರ್ಭಗುಡಿಯ ಎರಡೂ ಪಕ್ಕದಲ್ಲಿ ಆಳೆತ್ತರದ ಕಲ್ಲಿನ ಬೇತಾಳಗಳಿವೆ. ಬರೀ ಮೂಳೆ, ಬಿಟ್ಟ ಬಾಯಿ. ಭಟ್ಟ ಒಂದರ ಪಕ್ಕದಲ್ಲಿ ತೆಳ್ಳಗಿನ ಕಾಯಿ ವ್ಯಾಪಾರಿಯನ್ನು ನಿಲ್ಲಿಸಿ ದೂರದಿಂದ ನೋಡಿದ.

"ಬೇತಾಳನೇ ಸ್ವಲ್ಪ ಮೈಕೈ ತುಂಬ್ಕೊಂಡಿದ್ದಾನೆ."

"ನೀನು ತಿಂದಂಗೆ ತಿಂದಿದ್ರೆ ಅದೂ ಗುಂಡ್ಗಾಗ್ತಿತ್ತು. ಓಗ್ಲಾ ಭಟ್ಟ!"

ಕೋಟೆಯ ಮೆಟ್ಟಿಲು ಹತ್ತುವಾಗ ಬಿಸಿಲು ಇಳಿದಿತ್ತು. ಅರ್ಧದಲ್ಲಿ ಭಟ್ಟ ಕೂತ. ರೊಟ್ಟಿಯ ಭಾರ ಎಂದು ನಾವು ರೇಗಿಸಿದೆವು, ಅವನೂ ಹೊಟ್ಟೆ ಸವರಿಕೊಂಡು ನಕ್ಕ. ಮೇಲೆ ಹೋಗಿ ಗೋಡೆಯ ಮೇಲೆ ನಿಂತರೆ ಸುತ್ತ ಹಸಿರು ಬೆಟ್ಟ, ಕೆಳಗೆ ಮಂಗಳೂರು ರಸ್ತೆಯ ಲಾರಿಗಳು. ಆ ಕೋಟೆಯನ್ನು ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿ ಕಟ್ಟಿದ್ದಾರೆ. ಕಾಯಿ ವ್ಯಾಪಾರಿ ನನ್ನ ಹೆಗಲು ಹಿಡಿದು ಒಂದು ಮೂಲೆಗೆ ದಬ್ಬಿದ. "ತಗಳ್ಲಾ, ಇದ್ನೇ ನಿನ್ನ ನಕ್ಷತ್ರ ಅನ್ಕೋ. ಇವನ ಲೆಕ್ಕ ಮುಗ್ಯಾಕಿಲ್ಲ."

"ಮುಗೀತು," ಎಂದ ಭಟ್ಟ.

ನಾನು ತಿರುಗಿ ನೋಡಿದೆ. ಅವನು ಗೋಡೆಗೆ ಒರಗಿ ಕಣ್ಣು ಕಿರಿದು ಮಾಡಿಕೊಂಡು ಮುಳುಗುವ ಸೂರ್ಯನನ್ನು ನೋಡುತ್ತಿದ್ದ. ತಮಾಷೆ ಮಾಡುತ್ತಿರಲಿಲ್ಲ. ತಮಾಷೆ ಮಾಡುವಾಗ ಅವನು ಎದುರಿನವರ ಮುಖ ನೋಡುತ್ತಿದ್ದ.

"ಯಾವುದ್ಲಾ?"

"ಕಲ್ಲಿನ ಮೇಲೆ ನಿಂತು ಹೇಳೋ ವಿಷಯ ಅಲ್ಲ. ಮುಂದಿನ ಭಾನುವಾರ ನರಸಿಂಹಸ್ವಾಮಿ ಮುಂದೆ ಅರ್ಚಕರಿಗೆ ಹೇಳ್ತೀನಿ, ನೀನೂ ಕೇಳಿಸ್ಕೋ. ಇಷ್ಟು ವರ್ಷ ಕಾದಿದ್ದೀಯ, ಒಂದು ವಾರ ಕಾಯಕ್ಕಾಗಲ್ವಾ?"

ಆ ವಾರದ ಮಧ್ಯದಲ್ಲೇ ಒಂದು ಬೆಳಿಗ್ಗೆ, ಸ್ನಾನ ಮುಗಿಸಿ ಕಾಫಿಗೆ ಕೂತ ಭಟ್ಟ ಹಾಗೆಯೇ ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲವಂತೆ. ಹೃದಯ ಎಂದರು ಡಾಕ್ಟರು. ನಾನು ಗಿರಣಿಯಲ್ಲಿದ್ದೆ. ಸುದ್ದಿ ಕೇಳಿ ಮೈಮೇಲಿನ ಹಿಟ್ಟು ಕೊಡವಿಕೊಳ್ಳದೆ ಹಾಗೇ ಓಡಿದೆ.

ಆಮೇಲೆ ಹಾಸನದ ಒಬ್ಬ ಜೋಯಿಸರನ್ನು ಕೇಳಿದೆ. ಹಸ್ತ ಎಂದರು. ಅರಕಲಗೂಡಿನವರು ಚಿತ್ತೆ ಎಂದರು. ಹುಟ್ಟಿದ ವರ್ಷ ಯಾವುದೆಂದು ಇಬ್ಬರೂ ಕೇಳಿದರು, ನನಗೆ ಗೊತ್ತಿರಲಿಲ್ಲ. ಭಟ್ಟ ಒಲೆಯ ಮುಂದೆ ಕೂತು ಹೊರಡಿಸಿದ ಮಾತುಗಳನ್ನು ಅವ್ವನಿಂದ ಮತ್ತೆ ಹೊರಡಿಸಲು ನನ್ನಿಂದ ಆಗಲಿಲ್ಲ. "ಆ ಐನೋರು ಕೇಳ್ದಂಗೆ ಕೇಳಾಕೆ ನಿಂಗ್ ಬರಾಕಿಲ್ಲ ಬುಡು," ಎಂದಳು. ನಿಜ.

ಕೆಲವು ವರ್ಷಗಳ ಮೇಲೆ ಕಾಯಿ ವ್ಯಾಪಾರಿ ಓಮ್ನಿ ಮಾರಿ ಹೊಸ ಗಾಡಿ ಕೊಂಡ. ಪೂಜೆಗೆಂದು ಅದನ್ನು ನಮ್ಮೂರಿಗೇ ತಂದ. ಗಿರಣಿಯಿಂದ ನನ್ನನ್ನು ಹತ್ತಿಸಿಕೊಂಡು ಹೋಗಿ ದೇವಸ್ಥಾನದ ಮುಂದೆ ಇಳಿದವನೇ ಅಭ್ಯಾಸಬಲದಿಂದ ನನ್ನ ಬೆನ್ನು ಕೊಡವಿದ. ಹೊಸ ಗಾಡಿಯಲ್ಲಿ ನಾರಿರಲಿಲ್ಲ. ನರಸಿಂಹಸ್ವಾಮಿಯ ಮುಂದೆ ಅರ್ಚಕರು ನನ್ನ ನಕ್ಷತ್ರ ಕೇಳಿದರು. ಇಬ್ಬರೂ ಒಟ್ಟಿಗೆ ಎಡಕ್ಕೆ ತಿರುಗಿದೆವು. ಭಟ್ಟ ಯಾವಾಗಲೂ ಆ ಕಂಬದ ಪಕ್ಕ ನಿಲ್ಲುತ್ತಿದ್ದ.

"ಇವನದು ಬಾಕಿ ಐತೆ ಸ್ವಾಮಿ," ಎಂದ ಕಾಯಿ ವ್ಯಾಪಾರಿ. ನನಗೆ ನಗು ಬಂತು. ಅವನೂ ನಕ್ಕ. ಅರ್ಚಕರು ನಮ್ಮಿಬ್ಬರನ್ನೂ ನೋಡಿ, ಹೆಸರಷ್ಟೇ ಹೇಳಿ ಅರ್ಚನೆ ಮುಗಿಸಿದರು. ಕಾಯಿ ಚೆನ್ನಾಗಿತ್ತು.

ಅವತ್ತು ಕೋಟೆಯ ಮೇಲೆ ಭಟ್ಟನಿಗೆ ಗೊತ್ತಾದ ನನ್ನ ನಕ್ಷತ್ರ ಯಾವುದೆಂದು ನನಗೆ ಇನ್ನೂ ಗೊತ್ತಿಲ್ಲ.