ಕುರ್ಚಿಯಕ್ಕ ಎದ್ದು ನಡೆದದ್ದು

ಚಿತ್ರಶಾಲೆಯ ದೊಡ್ಡ ಕೋಣೆಯ ನಡುವೆ ಮರದ ಹಲಗೆಯ ಒಂದು ಕಟ್ಟೆ, ಅದರ ಮೇಲೆ ಕೈಯಿಲ್ಲದ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಅಲುಗಾಡದೆ ಕೂತು, ಸುತ್ತ ನಿಂತ ಹುಡುಗ ಹುಡುಗಿಯರು ತನ್ನನ್ನು ನೋಡಿ ಚಿತ್ರ ಬರೆಯಲು ಬಿಡುವುದೇ ಅವಳ ಉದ್ಯೋಗ. ಹೆತ್ತವರು ಇಟ್ಟ ಹೆಸರು ಅಲ್ಲಿ ಸಂಬಳ ಕೊಡುವ ಗುಮಾಸ್ತನೊಬ್ಬನಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ಕುರ್ಚಿಯಕ್ಕ.

ಮೊದಲು ಅವಳು ಅದೇ ಶಾಲೆಯಲ್ಲಿ ಕಸ ಗುಡಿಸುತ್ತಿದ್ದಳು. ಒಂದು ದಿನ ಕೂರಬೇಕಾಗಿದ್ದ ಮುದುಕ ಬರಲಿಲ್ಲ. ಚಿತ್ರದ ಮೇಷ್ಟ್ರು, ಆಗಿನ್ನೂ ಅವರ ತಲೆಯ ತುಂಬ ಕೂದಲಿತ್ತು, "ಪೊರಕೆ ಆ ಕಡೆ ಇಟ್ಟು ಒಂದು ಗಳಿಗೆ ಕೂತ್ಕೊಳ್ಳಮ್ಮ" ಎಂದರು. ಕೂತಳು. ನೊಣವೊಂದು ಬಂದು ಅವಳ ತುಟಿಯ ಮೇಲೆ ಇಳಿದು, ಮೂಗಿನ ತುದಿಗೇರಿ, ಹುಬ್ಬು ದಾಟಿ, ಸಾವಕಾಶವಾಗಿ ಹಾರಿಹೋಯಿತು. ಅವಳು ರೆಪ್ಪೆ ಬಡಿಯಲಿಲ್ಲ. ಮಾರನೆಯ ದಿನದಿಂದ ಪೊರಕೆ ಬೇರೆಯವರ ಕೈಗೆ ಹೋಯಿತು.

"ಕೂತ್ಕೊಂಡು ಸಂಬಳ ತಗೊಳ್ಳೋರನ್ನ ಬೇಕಾದಷ್ಟು ಜನ ನೋಡಿದ್ದೀನಿ. ಕೂತಿದ್ದಕ್ಕೇ ಸಂಬಳ ತಗೊಳ್ಳೋದು ನೀನೊಬ್ಬಳೇ" ಎಂದು ಗಂಡ ಅವಳನ್ನು ಕೆಣಕುತ್ತಿದ್ದ. ಅವನು ಕ್ಷೌರಿಕ. ಮನೆಯ ಬೀದಿಬದಿಯ ಕೋಣೆಯೇ ಅವನ ಅಂಗಡಿ. ಕತ್ತರಿಯ ಜೊತೆಗೆ ನಾಲಿಗೆಯೂ ಆಡದಿದ್ದರೆ ಅವನಿಗೆ ಕೂದಲು ಕತ್ತರಿಸಲು ಬಾರದು.

"ನೀವು ಒಂದೇ ಒಂದು ಗಳಿಗೆ ಬಾಯಿ ಮುಚ್ಕೊಂಡು ಕೂತು ತೋರಿಸಿ. ನನ್ನ ಸಂಬಳ ನಿಮಗೇ ಕೊಡ್ತೀನಿ" ಎನ್ನುತ್ತಿದ್ದಳು ಅವಳು. ಆ ಸಂಬಳ ಅವನ ಕೈ ಸೇರಲೇ ಇಲ್ಲ.

ಕೂತಾಗ ಅವಳು ಹೊರಗೆ ಕಲ್ಲು, ಒಳಗೆ ಸಂತೆ. ಓರಗಿತ್ತಿಯೊಡನೆ ಆಡಿದ ಹಳೆಯ ಜಗಳಗಳನ್ನೆಲ್ಲ ಮನಸ್ಸಿನಲ್ಲಿ ಮೊದಲಿಂದ ಆಡುವಳು, ಪ್ರತಿಸಲವೂ ತಾನೇ ಗೆಲ್ಲುವಳು. ಕಾಲು ಜೋಮು ಹಿಡಿದರೂ, ಬೆನ್ನು ಸೆಳೆದರೂ ಮುಖಕ್ಕೆ ಸುದ್ದಿ ಮುಟ್ಟಿಸುವಂತಿಲ್ಲ. ಅದು ಅವಳು ತನಗೆ ತಾನೇ ಹಾಕಿಕೊಂಡ ಕಟ್ಟಳೆ. ಹೀಗಾಗಿ ಎದೆಯಲ್ಲಿ ಬಿಗಿತ ಶುರುವಾದಾಗಲೂ ಅದನ್ನು ಬೆನ್ನುನೋವಿನ ತಂಗಿಯೆಂದು ಬಗೆದು ಒಳಗೇ ಕೂಡಿಹಾಕಿದಳು.

ಗುಟ್ಟು ರಟ್ಟಾದದ್ದು ಒಂದು ಮಧ್ಯಾಹ್ನ. ಅಂದು ಅವಳು ಬಲಗೈಯಲ್ಲಿ ಲಾಂದ್ರ ಎತ್ತಿ ಹಿಡಿದು ಕೂತಿದ್ದಳು. ತರಗತಿ ಮುಗಿದ ಮೇಲೆ ಮೇಷ್ಟ್ರು ಹಾಳೆಗಳನ್ನು ಗೋಡೆಗೆ ಸಿಕ್ಕಿಸುತ್ತ ಬಂದವರು ತಟ್ಟನೆ ನಿಂತರು.

"ಅಕ್ಕ, ಎಡಗೈ ಮಡಿಲಲ್ಲಿ ಬಿಚ್ಚಿಡಿ ಅಂದಿದ್ದೆನಲ್ಲ?"

"ಬಿಚ್ಚೇ ಇಟ್ಟಿದ್ದೆ ಮೇಷ್ಟ್ರೇ."

"ಬಂದು ನೋಡಿ."

ಅವಳು ಬಂದು ನೋಡಿದಳು. ಒಂದೊಂದು ಹಾಳೆಯಲ್ಲೂ ಎಡಗೈ ಮುಷ್ಟಿ ಕಟ್ಟಿತ್ತು, ಹೆಬ್ಬೆರಳು ಒಳಗೆ.

"ಈ ಮಕ್ಕಳಿಗೆ ಬೆರಳು ಬರೆಯೋಕೆ ಬರಲ್ಲ. ಮುಷ್ಟಿ ಸುಲಭ ಅಂತ ಹಾಗೆ ಬರೆದಿದ್ದಾರೆ, ಕಳ್ಳಮುಂಡೇವು."

"ಒಬ್ಬರು ಹಾಗೆ ತಪ್ಪಿಸ್ಕೋಬಹುದು. ಎಲ್ಲರೂ ಒಂದೇ ಮುಷ್ಟಿ ಬರೀತಾರಾ? ತುಟಿ ನೋಡಿ. ಕತ್ತು ನೋಡಿ."

ಮಕ್ಕಳು ಕಂಡದ್ದನ್ನು ಬರೆದಿದ್ದವು. ಹಲ್ಲು ಕಚ್ಚಿ ಏನನ್ನೋ ತಡೆದುಕೊಳ್ಳುತ್ತಿರುವ ಹೆಂಗಸೊಬ್ಬಳು ಗೋಡೆಯ ಉದ್ದಕ್ಕೂ ಕೂತು ಅವಳನ್ನೇ ನೋಡುತ್ತಿದ್ದಳು. ತನ್ನ ಮುಖ ತನ್ನ ಮಾತು ಕೇಳಲಿಲ್ಲವೆಂದು ಅವಳಿಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ಮೆಲ್ಲಗೆ ಹೇಳಿದಳು: "ಎದೆ ಹಿಡ್ಕೊಳ್ಳುತ್ತೆ ಮೇಷ್ಟ್ರೇ. ಮೊದಲು ಮೆಟ್ಟಿಲು ಹತ್ತಿದಾಗ ಬರ್ತಿತ್ತು. ಈಗ ಕೈ ಎತ್ತಿದರೂ ಬರುತ್ತೆ."

ಅಂದೇ ಸಂಜೆ ಗಂಡ ಅಂಗಡಿಯ ಬಾಗಿಲೆಳೆದು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಹೃದಯದ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಇವಳಿಗೆ ಹುಟ್ಟಿನಿಂದಲೇ ನೂಲಿನಷ್ಟು ಸಣ್ಣ. ತಡೆ ಒಂದು ಕಡೆ ಇದ್ದಿದ್ದರೆ ಸ್ಟೆಂಟ್ ಕೂರಿಸಬಹುದಿತ್ತು. ಇದು ತುದಿಯವರೆಗೂ ಅಲ್ಲಲ್ಲಿ ಹಬ್ಬಿದೆ. ಎದೆ ತೆರೆದು ಬೇರೆ ನಾಳ ಹೊಲಿಯೋಣವೆಂದರೆ ಹೊಲಿಗೆ ನಿಲ್ಲುವಷ್ಟು ಅಂಚಿಲ್ಲ.

ಗಂಡ ಮುಂದಕ್ಕೆ ಬಾಗಿದ. "ಡಾಕ್ಟ್ರೇ, ಬೆಳ್ಳುಳ್ಳಿ, ಶುಂಠಿ, ನಿಂಬೆರಸ ಕುದಿಸಿ ಕುಡಿದರೆ ತಡೆಯೆಲ್ಲ ಕರಗಿಹೋಗುತ್ತಂತೆ. ನಮ್ಮ ಅಂಗಡಿಗೆ ಬರೋ ಒಬ್ಬರು ಹೇಳಿದರು."

"ಏನು ಕೆಲಸ ಅವರದ್ದು?"

"ನಲ್ಲಿ, ಪೈಪು ರಿಪೇರಿ."

"ಪೈಪು ಅವರು ನೋಡ್ಕೊಳ್ಳಲಿ. ಇದನ್ನ ನನಗೆ ಬಿಡಿ."

"ಇನ್ನೊಬ್ಬರು ಹೇಳಿದರು, ಡ್ರಿಪ್ ಹಾಕಿ ನಾಳ ತೊಳೀತಾರೆ ಅಂತ."

"ತೊಳೆಯೋಕೆ ಅದೇನು ಬಾಟಲಿಯಾ? ಹಾಗೆ ಕರಗಿಸೋ ಔಷಧಿ ಇದ್ದಿದ್ದರೆ ನಾನ್ಯಾಕೆ ಮುಚ್ಚಿಡಲಿ?" ಡಾಕ್ಟರಮ್ಮ ಒಂದು ಹಾಳೆ ಎಳೆದುಕೊಂಡು ಪೆನ್ನಿನಲ್ಲಿ ಏನೋ ಬರೆದರು. "ಇಲ್ಲಿ ನೋಡಿ."

ಕುರ್ಚಿಯಕ್ಕ ತಲೆ ವಾರೆ ಮಾಡಿ ನೋಡಿದಳು. ಜೀವಮಾನವೆಲ್ಲ ಚಿತ್ರಗಳ ನಡುವೆ ಕಳೆದವಳು. "ಡಾಕ್ಟ್ರೇ, ಇದು ಹೃದಯಾನಾ, ಗೆಣಸಾ?"

ಡಾಕ್ಟರಮ್ಮ ನಕ್ಕರು. ಆ ಗೆಣಸಿನ ಸುತ್ತ ಕೂದಲಿನಂಥ ಗೆರೆಗಳನ್ನು ಎಳೆಯುತ್ತ ಹೇಳಿದರು: "ಶಸ್ತ್ರಚಿಕಿತ್ಸೆ ಇಲ್ಲದ ಒಂದು ದಾರಿ ಇದೆ. ಕಾಲಿಗೆ, ತೊಡೆಗೆ, ಸೊಂಟಕ್ಕೆ ಗಾಳಿಪಟ್ಟಿ ಸುತ್ತುತ್ತೀವಿ. ಎರಡು ಬಡಿತದ ನಡುವೆ ಹೃದಯ ವಿಶ್ರಾಂತಿ ತಗೊಳ್ಳುವಾಗ ಪಟ್ಟಿ ಉಬ್ಬಿ, ಕಾಲಿನ ರಕ್ತವನ್ನ ಮೇಲಕ್ಕೆ ಒತ್ತುತ್ತೆ. ವಾರಗಟ್ಟಲೆ, ದಿನಕ್ಕೊಂದು ಗಂಟೆ. ತಡೆ ಇದ್ದಲ್ಲೇ ಇರುತ್ತೆ, ಸುಳ್ಳು ಹೇಳಲ್ಲ. ಆದರೆ ಸುತ್ತ ಸುಮ್ಮನೆ ಮಲಗಿರೋ ಈ ಸಣ್ಣ ನಾಳಗಳು ಎದ್ದು ಕೆಲಸ ಹಂಚ್ಕೋಬಹುದು. ಬಹಳ ಜನಕ್ಕೆ ನೋವು ಕಮ್ಮಿಯಾಗಿದೆ, ಎಲ್ಲರಿಗೂ ಅಲ್ಲ. ಜೊತೆಗೆ ಮಾತ್ರೆ, ಜೊತೆಗೆ ನಡಿಗೆ."

"ನನ್ನ ಕೆಲಸ?"

"ಏನು ಮಾಡ್ತೀರಿ?"

"ಕೂರ್ತೀನಿ."

"ಎಲ್ಲಿ, ಆಫೀಸಲ್ಲಾ?"

"ಇಲ್ಲ. ಬರೀ ಕೂರ್ತೀನಿ."

ಡಾಕ್ಟರಮ್ಮ ಗಂಡನ ಮುಖ ನೋಡಿದರು. "ನಿಜ ಡಾಕ್ಟ್ರೇ. ಅವಳ ಹಾಗೆ ಕೂರೋರು ಈ ಊರಲ್ಲೇ ಇಲ್ಲ" ಎಂದ ಅವನು. ಹೆಂಡತಿಯನ್ನು ಅವನು ಹೊಗಳಿದ್ದು ಬಹುಶಃ ಅದೇ ಮೊದಲು.

"ಸದ್ಯಕ್ಕೆ ಅದು ಬೇಡ. ಚಿಕಿತ್ಸೆ ಪೂರ್ತಿ ಮುಗಿಸಿ, ನೋವಿಲ್ಲದೆ ನಡೆದು ತೋರಿಸಿ. ಆಮೇಲೆ ಕೆಲಸದ ಮಾತು."

ಆ ಮಾತು ಅವಳಿಗೆ ಎದೆಬಿಗಿತಕ್ಕಿಂತ ಹೆಚ್ಚು ನಾಟಿತು. ಕುರ್ಚಿಯಿಲ್ಲದ ಕುರ್ಚಿಯಕ್ಕ ಎಂದರೆ ಯಾರು? ಶಾಲೆಯಲ್ಲಿ ಈಗ ಕುರ್ಚಿಯ ಮೇಲೆ ಮಣ್ಣಿನ ಹೂಜಿಯೊಂದನ್ನು ಇಟ್ಟು ಬರೆಯುತ್ತಿದ್ದಾರೆಂದು ಸುದ್ದಿ ಬಂತು. "ಅದಕ್ಕೆ ಸಂಬಳ ಕೊಡಬೇಕಾಗಿಲ್ಲ, ನೊಣ ಕೂತರೂ ಅಲುಗಾಡಲ್ಲ" ಎಂದು ಅವಳು ಹೊಟ್ಟೆ ಉರಿಸಿಕೊಂಡಳು.

ಚಿಕಿತ್ಸೆಯ ಕೋಣೆಯಲ್ಲಿ ಎತ್ತರದ ಒಂದು ಹಾಸಿಗೆ, ಅದರ ಕೆಳಗೆ ಗುರುಗುಟ್ಟುವ ಗಾಳಿಯಂತ್ರ. ನರ್ಸಮ್ಮ ಅವಳ ಎದೆಗೆ ತಂತಿಗಳನ್ನು ಅಂಟಿಸಿ, ಸೊಂಟದಿಂದ ಮೀನಖಂಡದವರೆಗೆ ಪಟ್ಟಿಗಳನ್ನು ಬಿಗಿದು ಗುಂಡಿ ಒತ್ತಿದರು. ಧಪ್ ಎಂದು ಪಟ್ಟಿಗಳು ಉಬ್ಬಿ ಕಾಲುಗಳನ್ನು ಹಿಂಡಿದವು, ಬಿಟ್ಟವು, ಮತ್ತೆ ಹಿಂಡಿದವು. ಇಡೀ ದೇಹ ಹಾಸಿಗೆಯ ಮೇಲೆ ಎಗರತೊಡಗಿತು. ಅಲುಗಾಡದೆ ಇರುವುದನ್ನೇ ಬದುಕಾಗಿಸಿಕೊಂಡವಳಿಗೆ ಅದು ಅವಮಾನವೆನಿಸಿತು. ಉಸಿರು ಬಿಗಿಹಿಡಿದಳು, ತೊಡೆ ಸೆಟೆಸಿದಳು, ಕತ್ತು ಗಟ್ಟಿ ಮಾಡಿದಳು. ಪರದೆಯ ಮೇಲಿನ ಹೃದಯದ ಗೆರೆ ಗೀಚು ಬಿದ್ದಂತೆ ಕಲಸಿಹೋಯಿತು. ಬಡಿತ ಗುರುತು ಸಿಗದೆ ಯಂತ್ರ ಕೀಂಗುಟ್ಟಿ ನಿಂತುಬಿಟ್ಟಿತು.

"ಅಮ್ಮಾ, ಮೈ ಸಡಿಲ ಬಿಡಿ."

"ಬಿಟ್ಟಿದ್ದೀನಲ್ಲ."

"ಇದು ಸಡಿಲಾನಾ? ನಿಮ್ಮನ್ನ ಎತ್ತಿ ಗೋಡೆಗೆ ಒರಗಿಸಿ ಇಡಬಹುದು."

ಮಾರನೆಯ ದಿನವೂ ಅದೇ ಹಾಡು. ಅದರ ಮರುದಿನವೂ ಯಂತ್ರ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾಯಿತು. ಅವಳೇನೂ ಹಟ ಮಾಡುತ್ತಿರಲಿಲ್ಲ. ಮೈಯನ್ನು ಬಿಗಿಯುವುದನ್ನಷ್ಟೇ ಕಲಿತಿದ್ದ ಅವಳಿಗೆ ಬಿಡುವುದು ಹೇಗೆಂದು ತಿಳಿಯದು. ವಾರದ ಕೊನೆಗೆ ಡಾಕ್ಟರಮ್ಮ ಬಂದು ಗೆರೆಗಳನ್ನು ನೋಡಿ ಹೇಳಿದರು: "ಹೀಗಾದರೆ ಪ್ರಯೋಜನವಿಲ್ಲ. ನಾಳೆ ಇನ್ನೊಂದು ಸಲ ನೋಡೋಣ. ಆಗಲಿಲ್ಲ ಅಂದರೆ ಇದನ್ನ ನಿಲ್ಲಿಸಿ ಮಾತ್ರೆಯಲ್ಲೇ ಸುಧಾರಿಸಬೇಕು. ಕುರ್ಚಿ ಆಸೆ ಬಿಟ್ಟುಬಿಡಿ."

ಮಾರನೆಯ ದಿನ ಗಂಡ ಹೊರಗಿನ ಬೆಂಚು ಬಿಟ್ಟು ಒಳಗೇ ಬಂದ. ನರ್ಸಮ್ಮ ಬೇಡವೆನ್ನುವ ಮೊದಲೇ ಹಾಸಿಗೆಯ ತಲೆದಿಕ್ಕಿಗೆ ಹೋಗಿ ನಿಂತ. ಎದುರಿಗೆ ಒಂದು ತಲೆ ಕಂಡರೆ ಅವನ ಕೈ ಸುಮ್ಮನಿರದು. ಬೆರಳುಗಳು ತಾವಾಗಿ ಅವಳ ಕೂದಲೊಳಗೆ ಇಳಿದವು. ಊರಿನ ಅರ್ಧ ಜನರ ತಲೆ ಒತ್ತಿ, ತಿಕ್ಕಿ, ತಟ್ಟಿ ನಿದ್ದೆ ಬರಿಸಿದ್ದ ಕೈಗಳು. ಹೆಂಡತಿಯ ತಲೆಗೆ ಮಾತ್ರ ಅವು ಒಮ್ಮೆಯೂ ಬಂದಿರಲಿಲ್ಲ. ಅವಳು ಕೇಳಿರಲಿಲ್ಲ, ಅವನಿಗೆ ತೋಚಿರಲಿಲ್ಲ.

"ಏನ್ರೀ ಇದು, ಎಲ್ಲರೆದುರಿಗೆ" ಎಂದಳು ಅವಳು, ಕಣ್ಣು ಮುಚ್ಚಿಕೊಳ್ಳುತ್ತ.

"ಗಿರಾಕಿ ಮಾತಾಡಬಾರದು."

ಹೆಬ್ಬೆರಳು ಕಿವಿಯ ಹಿಂದೆ ಇಳಿಯಿತು, ಕತ್ತಿನ ಗಂಟನ್ನು ಹುಡುಕಿ ಬಿಡಿಸಿತು, ನೆತ್ತಿಗೆ ಹತ್ತಿತು. ಅವಳ ಹಣೆ ಇಳಿಯಿತು, ದವಡೆ ಇಳಿಯಿತು, ಭುಜಗಳು ಹಾಸಿಗೆಗೆ ಒರಗಿದವು. ಒಳಗಿನ ಸಂತೆಯೂ ಆಗ ಎದ್ದುಹೋಯಿತು. ನರ್ಸಮ್ಮ ಸದ್ದಿಲ್ಲದೆ ಗುಂಡಿ ಒತ್ತಿದರು. ಧಪ್, ಧಪ್. ಕಾಲುಗಳು ಹಿಟ್ಟಿನ ಚೀಲಗಳಂತೆ ಎಗರಿದವು, ಅವಳು ಎಗರಲು ಬಿಟ್ಟಳು. ಪರದೆಯ ಮೇಲೆ ಗೆರೆ ಅಚ್ಚುಕಟ್ಟಾಗಿ ಮೂಡಿ ಮುಳುಗಿ ಮೂಡಿತು.

"ಇಷ್ಟು ವರ್ಷ ಈ ಕೈಗಳು ಎಲ್ಲಿದ್ದವು?" ಎಂದು ಸ್ವಲ್ಪ ಹೊತ್ತಿನ ಮೇಲೆ ಅವಳು ಕೇಳಿದಳು.

"ಮುಂದಿನ ಕೋಣೆಯಲ್ಲೇ ಇದ್ದವು. ನೀನು ಒಂದು ದಿನ ಬಂದು ಕೂತಿದ್ದೀಯಾ? ನಮ್ಮಲ್ಲೂ ಕುರ್ಚಿ ಇದೆ."

ಅವಳಿಗೆ ನಗು ಉಕ್ಕಿತು. ಹೊಟ್ಟೆ ಕುಲುಕಿತು, ಗೆರೆ ಕುಣಿಯಿತು, ಯಂತ್ರ ಮತ್ತೆ ಕೀಂಗುಟ್ಟಿತು.

"ಯಜಮಾನ್ರೇ, ನಿಮ್ಮ ಕೈ ಇರಲಿ, ಬಾಯಿ ಹೊರಗೆ ಬಿಟ್ಟು ಬನ್ನಿ" ಎಂದರು ನರ್ಸಮ್ಮ.

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಅವನು ಅಂಗಡಿಯ ಬಾಗಿಲಿಗೆ "ಒಂದು ತಲೆ ಬಾಕಿಯಿದೆ, ಬರುತ್ತೇನೆ" ಎಂದು ಹಲಗೆ ತಗುಲಿಸಿ ದಿನವೂ ಬಂದ. ಅವಳು ಕೆಲವೊಮ್ಮೆ ಗೊರಕೆ ಹೊಡೆದಳು. ಬೆಳಗಿನ ನಡಿಗೆಯೂ ಶುರುವಾಯಿತು. ಮೊದಮೊದಲು ಮೂಲೆಯ ದೀಪದ ಕಂಬಕ್ಕೇ ಎದೆ ಬಿಗಿದು ನಿಲ್ಲಬೇಕಿತ್ತು. ವಾರಗಳು ಕಳೆದಂತೆ ಕಂಬ ಹಿಂದಾಯಿತು, ಬ್ರೆಡ್ಡಿನ ಅಂಗಡಿ ಹಿಂದಾಯಿತು, ಕೊನೆಗೆ ಮಾತಾಡುತ್ತ ಮಾತಾಡುತ್ತ ಏದುಸಿರು ಬಿಟ್ಟು ನಿಂತವನು ಗಂಡ.

ಚಿಕಿತ್ಸೆ ಮುಗಿದ ಮೇಲೆ ಡಾಕ್ಟರಮ್ಮ ಅವಳನ್ನು ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ಹತ್ತಿಸಿ, ಎದೆಯ ಗೆರೆ ನೋಡುತ್ತ ನಡೆಸಿದರು. ನಡೆದಳು. ನೋವು ಬರಲಿಲ್ಲ.

"ಚೆನ್ನಾಗಿದೆ. ಮಾತ್ರೆ ಬಿಡಬೇಡಿ. ಕೆಲಸಕ್ಕೆ ಹೋಗಿ, ಆದರೆ ಹಿಂದಿನ ಹಾಗಲ್ಲ. ಕೈ ಎತ್ತಿ ಹಿಡಿಯೋದು, ಗಂಟೆಗಟ್ಟಲೆ ಕಲ್ಲಾಗೋದು, ಎರಡೂ ಬೇಡ. ಆಗಾಗ ಎದ್ದು ನಡೀರಿ."

ಅವಳು ಶಾಲೆಗೆ ಹೋದಳು. ಹೂಜಿಯನ್ನು ಕುರ್ಚಿಯಿಂದ ಇಳಿಸಲು ಬಂದ ಮೇಷ್ಟ್ರ ಕೈ ತಡೆದಳು. "ಬೇಡ ಮೇಷ್ಟ್ರೇ, ಅದೇ ಇರಲಿ. ನಡುನಡುವೆ ಎದ್ದು ಓಡಾಡೋಳನ್ನ ಇಟ್ಕೊಂಡು ಏನು ಮಾಡ್ತೀರಿ?"

ಮೇಷ್ಟ್ರು ಬೋಳುತಲೆ ಸವರಿಕೊಂಡರು. "ಎಷ್ಟು ನಡೀತೀರಿ?"

"ನಿಲ್ಲು ಅಂದರೆ ಕಷ್ಟ. ನಡಿ ಅಂದರೆ ಎಷ್ಟಾದರೂ."

"ಹಾಗಾದರೆ ನಡೀರಿ. ಚಲಿಸೋ ಮೈಯನ್ನ ಬರೆಯೋದು ನಾನು ಇವರಿಗೆ ಕಲಿಸಬೇಕು, ಕಲಿಸೋಕೆ ನಡೆಯೋರು ಯಾರೂ ಸಿಕ್ಕಿರಲಿಲ್ಲ. ಕೂರೋರೇ ಎಲ್ಲ."

ಅವಳು ಅವರ ಮುಖ ನೋಡಿದಳು. ಹಾಸ್ಯವಲ್ಲ. ಚಪ್ಪಲಿ ಬಿಟ್ಟು, ಕಟ್ಟೆಯ ಸುತ್ತ ಒಂದು ಸುತ್ತು ಬಂದಳು, ಇನ್ನೊಂದು ಸುತ್ತು ಬಂದಳು. ಸುತ್ತಲೂ ಪೆನ್ಸಿಲುಗಳು ತಡಕಾಡಿದವು.

"ಅಕ್ಕಾ, ಸ್ವಲ್ಪ ನಿಧಾನ. ಇನ್ನೂ ಕಾಲೇ ಬಂದಿಲ್ಲ" ಎಂದಳೊಬ್ಬಳು ಹುಡುಗಿ.

"ನನ್ನ ಕಾಲು ಬಂದಾಯ್ತು. ನಿನ್ನ ಕೈ ಬರಲಿ."

ಕೋಣೆ ಚಿಕ್ಕದೆನಿಸಿತು. ಅವಳು ಬಾಗಿಲು ದಾಟಿ ಪಡಸಾಲೆಗೆ, ಪಡಸಾಲೆಯಿಂದ ಮೆಟ್ಟಿಲಿಗೆ, ಮೆಟ್ಟಿಲಿಳಿದು ಬೀದಿಗೆ ಬಂದಳು. ಹಿಂದೆ ಎದೆಗೆ ಹಲಗೆ ಅವಚಿಕೊಂಡು, ಬರೆಯುತ್ತ, ಎಡವುತ್ತ, ಒಬ್ಬರ ಕಾಲು ಒಬ್ಬರು ತುಳಿಯುತ್ತ ಇಡೀ ತರಗತಿ. ಅದರ ಹಿಂದೆ ಮೇಷ್ಟ್ರು. ಬಿಸಿಲು ಹಿತವಾಗಿತ್ತು. ಎದೆಯೊಳಗೆ ಬಡಿತ ಇತ್ತು, ಬಿಗಿತ ಇರಲಿಲ್ಲ.

ದಾರಿಯಲ್ಲಿ ಸಿಕ್ಕ ಗಂಡನ ಕ್ಷೌರದಂಗಡಿಯೊಳಗೆ ಗಿರಾಕಿಯ ಅರ್ಧ ಗಡ್ಡ ಹೆರೆದಾಗಿತ್ತು. ಗಂಡ ಕತ್ತಿ ಹಿಡಿದೇ ಬಾಗಿಲಿಗೆ ಬಂದ. ಅರ್ಧ ಮುಖದ ತುಂಬ ಸಾಬೂನಿನ ನೊರೆ ಹೊತ್ತ ಗಿರಾಕಿಯೂ ಹಿಂದೆಯೇ ಬಂದ.

"ಏ, ಏನೇ ಇದು ದಂಡು? ಎಲ್ಲಿಗೆ ಹೊರಟೆ? ನಿಲ್ಲು ಸ್ವಲ್ಪ."

"ನಿಲ್ಲೋಕಾಗಲ್ಲ ಕಣ್ರೀ" ಎಂದಳು ಅವಳು, ಹೆಜ್ಜೆ ತಪ್ಪಿಸದೆ. "ಕೆಲಸದಲ್ಲಿದ್ದೀನಿ."